ಆನ್‌ಲೈನ್‌ನಲ್ಲಿ ಕ್ಯಾಮೆರಾ ಮಾರ್ತಿದ್ದೀನಿ, ಈ ಗಿರಾಕಿಯನ್ನು ನಂಬಬಹುದಾ?

ಹಳೇ ಕ್ಯಾಮೆರಾ ಮಾರಾಟಕ್ಕೆ ಹಾಕಿದ್ದೇನೆ. ಹಾಕಿದ ಸ್ವಲ್ಪ ಹೊತ್ತಿಗೇ ಒಬ್ಬರು ಮೆಸೇಜ್ ಮಾಡಿದರು. ಚೌಕಾಸಿ ಇಲ್ಲ, ಹೇಳಿದ ರೇಟಿಗೇ ಒಪ್ಪಿದರು. ಬೇರೆ ಊರಲ್ಲಿದ್ದಾರಂತೆ, ತಮ್ಮನನ್ನು ಕಳಿಸ್ತಾರಂತೆ. ಅಡ್ವಾನ್ಸ್ ಬರಬೇಕಾದರೆ ಅವರು ಕಳಿಸುವ ಕ್ಯೂಆರ್ ಕೋಡನ್ನು ನಾನು ಸ್ಕ್ಯಾನ್ ಮಾಡಬೇಕಂತೆ. ಮಾಡಲಾ? ಅನುಭವ ಇರುವವರು ಹೇಳಿ.

*

ಬೇಡವೇ ಬೇಡ. ಕೋಡ್ ತೋರಿಸಿದವರಿಗೆ ಹಣ ಹೋಗುತ್ತದೆ, ಸ್ಕ್ಯಾನ್ ಮಾಡಿದವರ ಖಾತೆಯಿಂದ. ಅಂಗಡಿಯಲ್ಲಿ ನಾವು ಮಾಡೋದು ಅದೇ ಅಲ್ವಾ? ಹಣ ಪಡೆಯೋಕೆ ಪಿನ್ ಬೇಡ, ಓಟಿಪಿ ಬೇಡ, ಕಾರ್ಡ್ ಹಿಂದಿನ ಮೂರಂಕಿ ಬೇಡ. ಇದರಲ್ಲಿ ಯಾವುದನ್ನು ಕೇಳಿದರೂ ಮಾತು ಅಲ್ಲಿಗೇ ಮುಗಿಸಿ.

ನನ್ನ ಸೋಫಾ ಕೊಳ್ಳಲು ಬಂದವರೂ ಹೀಗೇ. ಮೊದಲು ತೀರಾ ಸಣ್ಣ ಮೊತ್ತ ಕಳಿಸಿದರು, ನಿಜವಾಗಿಯೂ ಬಂತು. ನಂಬಿಕೆ ಬರಲಿ ಅಂತ. ಆಮೇಲೆ ಬಂದಿದ್ದು ಕೋಡ್. ಕೆಳಗೆ 'ಹಣ ಸ್ವೀಕರಿಸಿ' ಅಂತ ದೊಡ್ಡದಾಗಿ ಬರೆದಿತ್ತು. ಅದು ಅವರೇ ಟೈಪ್ ಮಾಡಿದ್ದು. ಆಪ್ ತೆರೆದರೆ ಕಾಣೋದು 'ಪಾವತಿಸಿ' ಅಂತ. "ನೇರ ಖಾತೆಗೆ ಹಾಕಿ" ಅಂದೆ. ಗುರುತಿನ ಚೀಟಿಯ ಫೋಟೊ ಕಳಿಸಿ, "ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ರೇಗಿದರು. ಇಂಥ ಚೀಟಿ ಎಷ್ಟೋ ಸಲ ಹಿಂದೆ ಮೋಸ ಹೋದ ಇನ್ಯಾರದ್ದೋ ಆಗಿರುತ್ತದೆ. ನಿಮ್ಮದನ್ನೂ ಕೇಳುತ್ತಾರೆ, ಕೊಡಬೇಡಿ.

*

ಚೌಕಾಸಿ ಮಾಡದವರೆಲ್ಲ ಕಳ್ಳರಲ್ಲ, ಪಾಪ. ನಾನು ನೋಡೋದು ಬೇರೆ: ವಸ್ತುವಿನ ಬಗ್ಗೆ ಒಂದಾದರೂ ಪ್ರಶ್ನೆ ಕೇಳಿದರಾ? ಲೆನ್ಸ್ ಹೇಗಿದೆ, ಬಿಲ್ ಇದೆಯಾ, ಏನೂ ಇಲ್ಲದೆ ಸೀದಾ ದುಡ್ಡಿನ ಮಾತಿಗೆ ಬಂದರೆ ನನಗೆ ಅನುಮಾನ.

*

ಹಣ ಬಂತು ಅನ್ನೋ ಸ್ಕ್ರೀನ್‌ಶಾಟ್, ಎಸ್ಸೆಮ್ಮೆಸ್, ಇಮೇಲ್ ಯಾವುದನ್ನೂ ನಂಬಬೇಡಿ. ಎಲ್ಲವನ್ನೂ ಹುಟ್ಟುಹಾಕಬಹುದು. ನಿಮ್ಮ ಬ್ಯಾಂಕ್ ಆಪ್ ನೀವೇ ತೆರೆದು ಬ್ಯಾಲೆನ್ಸ್ ನೋಡಿ. ಅವರು ಕಳಿಸಿದ ತಮ್ಮ ಬಂದು ಬಾಗಿಲಲ್ಲಿ ನಿಂತು "ಸರ್ವರ್ ಸ್ಲೋ, ಬರುತ್ತೆ ಬಿಡಿ" ಅಂದರೆ ಕ್ಯಾಮೆರಾ ಒಳಗೇ ಇರಲಿ.

ಇನ್ನೊಂದು ಆಟವೂ ಇದೆ. ಹೇಳಿದ್ದಕ್ಕಿಂತ ಜಾಸ್ತಿ ಹಾಕಿ, "ತಪ್ಪಾಯ್ತು, ಉಳಿದದ್ದನ್ನು ಈ ನಂಬರಿಗೆ ವಾಪಸ್ ಕಳಿಸಿ" ಅನ್ನುತ್ತಾರೆ. ಮೊದಲ ಹಣ ಕದ್ದ ಕಾರ್ಡಿನದ್ದೋ ಬೌನ್ಸ್ ಆಗುವ ಚೆಕ್ಕಿನದ್ದೋ ಆಗಿರುತ್ತದೆ. ಆಮೇಲೆ ಬ್ಯಾಂಕ್ ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ನೀವು ಕಳಿಸಿದ್ದು ಮಾತ್ರ ಹೋಯಿತು. ವಾಪಸ್ ಮಾಡಲೇಬೇಕಿದ್ದರೆ ಬ್ಯಾಂಕಿನ ಮೂಲಕವೇ ಮಾಡಿಸಿ.

*

ಕೊರಿಯರ್‌ನಲ್ಲಿ ಕಳಿಸುವವರಿಗೆ: ಸೀರಿಯಲ್ ನಂಬರ್ ಕಾಣುವ ಹಾಗೆ ಪ್ಯಾಕ್ ಮಾಡುವ ವಿಡಿಯೊ ಮಾಡಿ, ಡಬ್ಬ ಅಂಟಿಸುವವರೆಗೂ ನಿಲ್ಲಿಸಬೇಡಿ. "ಕೆಟ್ಟಿದೆ" ಅಂತ ಹೇಳಿ ತಮ್ಮ ಹಳೇದನ್ನು ವಾಪಸ್ ಕಳಿಸುವ ಮಹಾನುಭಾವರೂ ಇದ್ದಾರೆ. ಮಾತುಕತೆ ಆ ಸೈಟಿನ ಚಾಟ್‌ನಲ್ಲೇ ಇರಲಿ, ಹೊರಗೆ ಹೋದರೆ ನಾಳೆ ತೋರಿಸೋಕೆ ಪುರಾವೆ ಸಿಗೋದು ಕಷ್ಟ. 'ಕೊರಿಯರ್ ಇನ್ಶೂರೆನ್ಸ್ ಮೊದಲು ಕಟ್ಟಿ' ಅನ್ನೋ ಲಿಂಕ್ ಬಂದರೆ ಮುಟ್ಟಬೇಡಿ.

*

ಈಗಾಗಲೇ ಪಿನ್ ಒತ್ತಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ನಾಚಿಕೆ ಬಿಟ್ಟು ತಕ್ಷಣ ಬ್ಯಾಂಕಿಗೆ ಫೋನ್ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ದಾಟುತ್ತದೆ, ತಡ ಮಾಡಿದಷ್ಟೂ ಹಿಡಿಯೋದು ಕಷ್ಟ. ಬ್ಯಾಂಕಿನ ನಂಬರನ್ನು ಕಾರ್ಡಿನ ಮೇಲಿಂದ ತೆಗೆದುಕೊಳ್ಳಿ, ಸುಮ್ನೆ ಗೂಗಲ್‌ನಲ್ಲಿ ಹುಡುಕಿದರೆ ಅಲ್ಲೂ ನಕಲಿ ನಂಬರ್ ಇರುತ್ತವೆ. ಚಾಟ್ ಅಳಿಸಬೇಡಿ, ಪೊಲೀಸರಿಗೆ ದೂರು ಕೊಡೋಕೆ ಬೇಕು. ಕೆಲವು ದಿನ ಬಿಟ್ಟು "ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ, ಸ್ವಲ್ಪ ಫೀಸ್ ಆಗುತ್ತೆ" ಅಂತ ಯಾರಾದರೂ ಫೋನ್ ಮಾಡಬಹುದು. ಎಷ್ಟೋ ಸಲ ಅದೂ ಅದೇ ಗುಂಪು.