ಅಪ್‌ಡೇಟ್: ಅಂತೂ ಅಮ್ಮನಿಗೆ ಹೊಂದುವ ಮನೆ ಸಿಕ್ಕಿತು

ವೀಲ್‌ಚೇರ್ ಓಡಾಡುವಂಥ ಬಾಡಿಗೆ ಮನೆ ಹುಡುಕುವುದು ಹೇಗೆ ಅಂತ ಅಮ್ಮನಿಗಾಗಿ ಕೇಳಿದ್ದೆ. ಮನೆ ಸಿಕ್ಕಿತು. ಹೋದ ವಾರ ಸಾಮಾನು ಸಾಗಿಸಿದೆವು.

"ಲಿಫ್ಟ್ ಇದೆ ಅಂದರೆ ಸುಮ್ನೆ ನಂಬಬೇಡಿ, ಟೇಪ್ ಹಿಡಿದು ಹೋಗಿ" ಅಂದಿದ್ದರಲ್ಲ ಒಬ್ಬರು, ಅವರಿಗೆ ದೊಡ್ಡ ನಮಸ್ಕಾರ. ಒಂದು ಕಡೆ ಲಿಫ್ಟ್ ಏನೋ ಇತ್ತು, ಅದನ್ನು ತಲುಪಲು ನಾಲ್ಕು ಮೆಟ್ಟಿಲು! ಮಾಲೀಕರಿಗೆ ಅವು ಮೆಟ್ಟಿಲು ಅಂತಲೇ ಅನಿಸಿರಲಿಲ್ಲ. ಇನ್ನೊಂದರಲ್ಲಿ ಎಲ್ಲ ಸರಿ, ಬಾತ್‌ರೂಮ್ ಬಾಗಿಲು ಮಾತ್ರ 60 ಸೆಂಟಿಮೀಟರ್. ಅಮ್ಮನ ಕುರ್ಚಿಯೇ 64. ಬಾಗಿಲು ಪೂರ್ತಿ ತೆರೆದಾಗ 80 ಆದರೂ ಸಿಗಬೇಕು, 90 ಇದ್ದರೆ ಆರಾಮ.

ಈಗಿನದು ನೆಲಮಹಡಿ. ಬಾಗಿಲ ಬಳಿ 10 ಸೆಂಟಿಮೀಟರ್ ಎತ್ತರದ ಒಂದೇ ಮೆಟ್ಟಿಲು. ಎತ್ತರ ಒಂದಕ್ಕೆ ಉದ್ದ ಹನ್ನೆರಡರ ಲೆಕ್ಕದಲ್ಲಿ 120 ಸೆಂಟಿಮೀಟರ್ ಉದ್ದದ ರ‍್ಯಾಂಪ್ ಮಾಡಿಸಿದೆವು, ಬೇಕಾದಾಗ ತೆಗೆದಿಡಬಹುದು. ಬಾತ್‌ರೂಮ್ ಗೋಡೆಗೆ ಹಿಡಿಕೆ ಕೂರಿಸುವ ಒಪ್ಪಿಗೆಯನ್ನು ಕರಾರಿನಲ್ಲೇ ಬರೆಸಿಕೊಂಡೆ. ಬಾಯಿಮಾತು ಸಾಕಲ್ವಾ ಅಂದರು ಈ ಮನೆಯ ಮಾಲೀಕರು, ನಾನು ಬಿಡಲಿಲ್ಲ.

ಅಡುಗೆಮನೆ ಕಟ್ಟೆ ಜಾಸ್ತಿ ಎತ್ತರ, ಅದೊಂದು ತಲೆನೋವು ಬಾಕಿ ಇದೆ. ನಿನ್ನೆ ಬೆಳಗ್ಗೆ ಅಮ್ಮ ನನ್ನನ್ನು ಎಬ್ಬಿಸದೆ ಒಬ್ಬರೇ ಹೊರಗೆ ಹೋಗಿ ಬಿಸಿಲು ಕಾಯಿಸಿಕೊಂಡು ಬಂದರು.