ಹಳೆ 1210 ಲಾರಿ ಚಾಸಿ ತಿರುಚೈತಿ, ಗ್ಯಾಸ್ ಹಚ್ಚಬೇಕೋ ಬ್ಯಾಡೋ?

ಗೋಕುಲರೋಡ್_ಲಾರಿ: ಟಾಟಾ 1210, ಕ್ಯಾಬಿನ್ ಮತ್ತ ಬಾಡಿ ಬಿಚ್ಚೇವಿ. ಇಂಜಿನ್, ಆಕ್ಸಲ್ ಇನ್ನೂ ಅದಾವು. ಗಾಲಿ ಮ್ಯಾಲೆ ನಿಂತಾಗ ಚಾಸಿ (ಅಡಿ ಚೌಕಟ್ಟು) ಹಿಂದಿನ ಎಡ ತುದಿ ಬಲಕ್ಕಿಂತ 22 ಎಂಎಂ ಕೆಳಗ ಐತಿ. ಕರ್ಣದ (ಮೂಲಿಯಿಂದ ಎದುರು ಮೂಲಿಗೆ) ಅಳತೆಯೊಳಗ 4 ಎಂಎಂ ಫರಕ್. ಗ್ಯಾಸ್ ಹಚ್ಚಿ ಕೆಂಪಗ ಮಾಡಿ ಎಳದ್ರ ಒಂದ ದಿನದ ಕೆಲಸ ಅಂತಾರ ಮಿಸ್ತ್ರಿ. ಮಾಡಸ್ಲ್ಯಾ?

ತಾರಿಹಾಳ_ಫಿಟ್ಟರ್: ತಡೀರಿ. ಗಾಲಿ ಮ್ಯಾಲೆ ಅಳದಿದ್ದು ಚಾಸಿ ಅಳತಿ ಅಲ್ರಿ, ಪಾಟಾದ್ದು (ಎಲಿ ಮ್ಯಾಲೆ ಎಲಿ ಜೋಡಿಸಿದ ಸ್ಪ್ರಿಂಗ್). ಸಿ ಚಾನಲ್ (ಸಿ ಆಕಾರದ ಉದ್ದ ಪಟ್ಟಿ) ಚಾಸಿ ಸ್ವಲ್ಪ ತಿರುಚಾಕಂತನ ಮಾಡಿದ್ದು. ಒಂದು ಪಾಟಾ ಸೋತಿದ್ರೂ ಆ ಕಡೆ ವಾಲ್ತದ.

ಮುಂದಿನ ಎರಡೂ ಪಟ್ಟಿ ಕೆಳಗ ಸ್ಟ್ಯಾಂಡ್ ಕೊಟ್ಟು ಸಮ ಮಾಡ್ರಿ. ಹಿಂದ ಕ್ರಾಸ್ ಮೆಂಬರಿನ (ಎರಡೂ ಪಟ್ಟಿ ಕೂಡಿಸೋ ಅಡ್ಡ ಪಟ್ಟಿ) ನಟ್ಟನಡುವ ಒಂದ ಜಾಕ್. ಗಾಲಿ ನೆಲ ಬಿಡಬೇಕು. ಈಗ ನೀರು ತುಂಬಿದ ಲೆವೆಲ್ ಪೈಪಿನಿಂದ ಹಿಂದಿನ ಎರಡೂ ತುದಿ ಅಳೀರಿ. ಪೈಪಿನ್ಯಾಗ ಗುಳ್ಳಿ ಇರಬಾರದು. ಬಣ್ಣ, ಕೆಸರು ಕೆರೆದ ಜಾಗದಾಗ ಅಳತಿ ಹಿಡೀರಿ. ಉಳಿದ ಫರಕ್ ಅಷ್ಟ ನಿಜವಾದ ತಿರುಚು.

ಹಾವೇರಿ_ಚಾಸಿ: ಅದಾದ ಮೇಲೂ ಉಳಿದರೆ ತಣ್ಣಗೇ ಎಳೆಯಿರಿ. ಕೆಂಪಗೆ ಕಾಯಿಸಿದ ಪಟ್ಟಿ ಅಲ್ಲೇ ಮೆದುವಾಗುತ್ತದೆ, ಆರುವಾಗ ಕುಗ್ಗಿ ಬೇರೆ ಕಡೆ ಬಾಗುತ್ತದೆ, ಮುಂದೆ ಫ್ಲ್ಯಾಂಜಿನ (ಚಾನಲ್‌ನ ಮೇಲಿನ, ಕೆಳಗಿನ ಮಡಿಕೆ) ಅಂಚಿನಿಂದ ಬಿರುಕು ಬಿಡುತ್ತದೆ. ಚಾಸಿ ನಂಬರ್ ಒತ್ತಿದ ಕಡೆ ಬೆಂಕಿ, ಗ್ರೈಂಡರ್ ಎರಡೂ ಬೇಡ, ಆರ್‌ಟಿಓದಲ್ಲಿ ಸಿಕ್ಕಿಬೀಳುತ್ತೀರಿ.

ನಿಮ್ಮದರಲ್ಲಿ ಹಿಂದಿನ ಎಡ ತುದಿ ಕೆಳಗಿದೆ. ಮುಂದಿನ ಎಡ ಮತ್ತು ಹಿಂದಿನ ಬಲ ತುದಿಗೆ ಸರಪಳಿ ಬಿಗಿದು ಕೆಳಕ್ಕೆ ಕಟ್ಟಿ, ಮುಂದಿನ ಬಲಕ್ಕೆ ಸ್ಟ್ಯಾಂಡ್, ಹಿಂದಿನ ಎಡಕ್ಕೆ ಜಾಕ್. ಕೊಕ್ಕೆ ನೇರ ಫ್ಲ್ಯಾಂಜಿಗೆ ಹಾಕಿದರೆ ಅದು ಮಡಚಿಕೊಳ್ಳುತ್ತದೆ. ಚಾನಲ್ ಒಳಗೆ ಜಾಲಿ ಕಟ್ಟಿಗೆಯ ತುಂಡನ್ನು ಬಿಗಿಯಾಗಿ ಬಡಿದು ಆಮೇಲೆ ಸರಪಳಿ ಸುತ್ತಿ. ಎತ್ತಿ, ಸ್ವಲ್ಪ ಹೊತ್ತು ಬಿಟ್ಟು, ಪೂರ್ತಿ ಇಳಿಸಿ, ಅಳೆಯಿರಿ. ಮೊದಲ ಸಲ ಎಲ್ಲ ವಾಪಸ್ ಬರುತ್ತದೆ, ಗಾಬರಿ ಬೇಡ. ಪ್ರತಿ ಸಲ 5 ಎಂಎಂ ಜಾಸ್ತಿ ಎತ್ತುತ್ತ ಹೋಗಿ. ಜಾಕ್ ಒತ್ತುವಾಗ ಸರಪಳಿಯ ಸಾಲಿನಲ್ಲಿ ಯಾರೂ ನಿಲ್ಲಬಾರದು.

ಕರ್ಣದ 4 ಎಂಎಂ ಬಹುಶಃ ಕ್ರಾಸ್ ಮೆಂಬರ್ ಕೂಡಿಸುವ ಸಡಿಲ ರಿವಿಟ್‌ನದು. ತಲೆಯ ಸುತ್ತ ಕಂದು ಪುಡಿಯ ಗೆರೆ ಕಂಡರೆ ಅದೇ. ಒಂದು ಕಡೆ ಬೆರಳಿಟ್ಟು ಇನ್ನೊಂದು ಕಡೆ ಸುತ್ತಿಗೆಯಿಂದ ತಟ್ಟಿ, ಅಲುಗಾಟ ಬೆರಳಿಗೇ ಗೊತ್ತಾಗುತ್ತದೆ. ತಿರುಚು, ಕರ್ಣ ಎರಡೂ ಸರಿಯಾಗಿ, ಚಾಸಿ ಇನ್ನೂ ಬಿಗಿದಿರುವಾಗಲೇ ರಿವಿಟ್ ಬದಲಿಸಿ. ತೂತು ಉದ್ದವಾಗಿದ್ದರೆ ರೀಮರ್ ಹಾಕಿ (ತೂತನ್ನು ದುಂಡಗೆ ಕೊರೆದು) 10.9 ಗ್ರೇಡಿನ ಗಟ್ಟಿ ಬೋಲ್ಟ್ ಕೂರಿಸಿ. ಥ್ರೆಡ್ ತೂತಿನೊಳಗೆ ಬರಬಾರದು, ಬೋಲ್ಟಿನ ನುಣುಪು ಭಾಗವೇ ಜೋಡಿಸಿದ ಎರಡೂ ಪದರ ದಾಟಿರಬೇಕು. ವೆಲ್ಡಿಂಗ್ ಅಂತೂ ಬೇಡವೇ ಬೇಡ.

ಗದಗ_ಪಾಟಾ: ಕೆಳಕ್ಕ ಕಟ್ರಿ ಅಂದ್ರಿ, ಆದ್ರ ಎದಕ್ಕ ಕಟ್ಟೂದು? ನಮ್ಮ ಕಡೆ ಎರಿ ಭೂಮಿ. ಮಳಿಗಾಲದಾಗ ಉಬ್ಬತದ, ಬ್ಯಾಸಿಗ್ಯಾಗ ಬಿರಿತದ. ತೆಳ್ಳನ ಕಾಂಕ್ರೀಟಿನ್ಯಾಗ ಹುಗಿದ ಕೊಕ್ಕಿ ಕಿತ್ತ ಬರ್ತದ, ಜಾಕ್ ಕುಸೀತದ. ಚಾಸಿ ಕೆಳಗ ದಪ್ಪನ ಐ ಬೀಮ್ ಎರಡು ಉದ್ದಕ್ಕ, ಎರಡು ಅಡ್ಡಕ್ಕ ಬೋಲ್ಟ್ ಮಾಡಿ ಚೌಕಟ್ಟು ಮಾಡ್ರಿ. ಸರಪಳಿ, ಸ್ಟ್ಯಾಂಡ್, ಜಾಕ್ ಎಲ್ಲಾ ಅದರ ಮ್ಯಾಲೇ ಇರಲಿ. ನೆಲಕ್ಕ ಜಗ್ಗಾಟನ ಬರೂದಿಲ್ಲ.

ಗೋಕುಲರೋಡ್_ಲಾರಿ: ಮೂರು ಪಾಯಿಂಟ್ ಮ್ಯಾಲೆ ಅಳದ್ವಿ. 22 ಇದ್ದದ್ದು 9ಕ್ಕ ಬಂತು. ಎಡ ಪಾಟಾದಾಗ ಎರಡನೇ ಎಲಿ ಸೆಂಟರ್ ಬೋಲ್ಟ್ ಕಡೆ ತುಂಡಾಗೇದ. ಗ್ಯಾಸ್ ಸಿಲಿಂಡರ್ ವಾಪಸ್ ಕಳಸೇನಿ. ನಾಳೆ ಐ ಬೀಮ್ ತರಸ್ತೇನಿ.