ಮೊಟ್ಟೆ ಬಗ್ಗೆ ಕೊಟ್ಟ ಮಾತು ತಪ್ಪಿದ ಕಂಪನಿ: ಪತ್ರಿಕೆಗೆ ಹೋಗೋದು ಹೆಂಗ?

ಬಳ್ಳಾರಿಯಿಂದ ಪ್ರಶ್ನೆ:
ಹಲವು ಊರಾಗ ಹೋಟೆಲ್ ಇರೋ ಕಂಪನಿಯೊಂದು "2025ರೊಳಗ ಕೇಜ್ (ತಂತಿ ಪಂಜರ) ಕೋಳಿ ಮೊಟ್ಟೆ ಬಳಸೋದು ಬಿಡ್ತೀವಿ" ಅಂತ ತನ್ನ ವೆಬ್‌ಸೈಟ್‌ನಾಗ ಹಾಕಿತ್ತು. ಗಡುವು ಮುಗಿದೈತಿ. ಮೇಲ್ ಹಾಕಿ ಕೇಳಿದ್ರ ಉತ್ತರ ಇಲ್ಲ. ಪತ್ರಿಕೆಯವರ ಹತ್ರ ಹೋಗಬೇಕಂತೀವಿ. ಇಂಥಾದ್ದು ಮಾಡಿದವರು ನಿಮ್ಮ ಅನುಭವ ಹೇಳ್ರಿ.

ಕೊಪ್ಪಳದಿಂದ, ಮೊದಲು ವರದಿಗಾರನಾಗಿದ್ದವ:
ಮೇಡಂ, "ಕೋಳಿಗೆ ಹಿಂಸೆ ಆಗ್ತದ, ಬರೀರಿ" ಅಂತ ಮನವಿ ಪತ್ರ ತಂದ್ರ ಅದು ಪ್ರಕಟಣೆ ಕಾಲಂನಾಗ ನಾಲ್ಕು ಸಾಲಾಗಿ ಮುಗೀತದ. ಕಂಪನಿ ತಾನೇ ಬರೆದ ಮಾತು, ತಾನೇ ಹಾಕಿಕೊಂಡ ತಾರೀಖು ನಿಮ್ಮ ಕೈಯಾಗಿದ್ರ ಸುದ್ದಿ. ಮೊದಲು ಆ ಪುಟ ತಾರೀಖು ಕಾಣುವಂಗ ಉಳಿಸಿಕೊಳ್ರಿ. ಅವರು ತೆಗೆದುಬಿಟ್ಟಿದ್ರ ಹಳೇ ವೆಬ್ ಪುಟಗಳ ಪ್ರತಿ ಉಳಿಸಿಡೋ ವೇಬ್ಯಾಕ್ ಮಷೀನ್ ಅನ್ನೋ ತಾಣದಾಗ ಹಳೇ ಪ್ರತಿ ಹುಡುಕ್ರಿ. ಸಿಕ್ತು ಅಂದ್ರ, ಪುಟ ತೆಗೆದದ್ದೇ ತಲೆಬರಹ.

ಒಕ್ಕಣೆ ಸರಿಯಾಗಿ ಓದ್ರಿ. ಭಾರತಾನೂ ಸೇರಿಸ್ಯಾರೋ? "ಲಭ್ಯವಿದ್ದಲ್ಲಿ" ಅನ್ನೋ ಮಾತು ಐತೋ? ಕೇಕ್, ಮಯೊನೈಸ್‌ಗೆ ಹೋಗೋ ಮೊಟ್ಟೆಪುಡಿ ಲೆಕ್ಕದಾಗ ಐತೋ? ಅವರು ನುಸುಳೋದು ಅಲ್ಲೇ. ಆಮೇಲೆ ಒಂದೇ ಪ್ರಶ್ನೆ ಬರೆದು ಕೇಳ್ರಿ: ಈಗ ನೂರಕ್ಕ ಎಷ್ಟು ಮೊಟ್ಟೆ ಕೇಜ್ ಇಲ್ಲದ ಫಾರ್ಮಿನಿಂದ ಬರ್ತಾವ? ಉತ್ತರಕ್ಕ ಒಂದು ದಿನ ಗೊತ್ತು ಮಾಡ್ರಿ. ವರದಿಗಾರನೂ ತಾನಾಗಿ ಕಂಪನಿನ ಕೇಳಲಿ. ಅದಿಲ್ಲದ ಸುದ್ದಿ ಡೆಸ್ಕ್ ದಾಟಲ್ಲ.

ಗಂಗಾವತಿ ಕಡೆಯಿಂದ, ಲೇಯರ್ (ಮೊಟ್ಟೆ ಇಡೋ) ಕೋಳಿ ಸಾಕುವವ:
ಸುದ್ದಿ ಬರಲಿ. ಆದ್ರ ಫೋಟೊಕ್ಕಂತ ನಮ್ಮ ಶೆಡ್ಡಿಗೆ ಹೇಳದೇ ಕೇಳದೇ ನುಗ್ಗಬ್ಯಾಡ್ರಿ. ನಾವು ಮೊಟ್ಟೆ ರೇಟು ಹೇಳೋ ಎನ್‌ಇಸಿಸಿ (ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ) ಹೊಸಪೇಟೆಗೆ ಹಾಕೋ ರೇಟು ನೋಡಿ ಮಾರೋರು. ಕೇಜ್ ತೆಗೆದ್ರ ಅಷ್ಟೇ ಕೋಳಿಗೆ ಹೆಚ್ಚು ಜಾಗ ಬೇಕು, ಆಳು ಬೇಕು, ಮೇವೂ ಹೆಚ್ಚು. ಕೇಜ್‌ನಾಗ ಒಂದು ಕೋಳಿಗೆ ಸಿಗೋ ಜಾಗ ಎ4 ಹಾಳೆಗಿಂತ ಸಣ್ಣದು, ರೆಕ್ಕೆ ಬಿಚ್ಚಾಕ ಆಗಲ್ಲ. ದಿನಾ ನೋಡೋನು ನಾನು, ನನಗೂ ಸಂಕಟ ಆಗ್ತದ. ಮಾತು ಕೊಟ್ಟ ಕಂಪನಿ ಯಾವ ಫಾರ್ಮಿನ ಜೊತೆ, ಎಷ್ಟು ವರ್ಷಕ್ಕ, ಯಾವ ರೇಟಿಗೆ ಒಪ್ಪಂದ ಮಾಡೈತಿ ಅಂತ ಕೇಳ್ರಿ. ನಮ್ಮ ಹತ್ರ ಅಂತೂ ಯಾರೂ ಬಂದಿಲ್ಲ. ಇದನ್ನ ವರದಿಗಾರರ ಮುಂದ ಹೇಳಾಕ ನಾನು ತಯಾರು.

ರಾಯಚೂರಿನಿಂದ:
ಬಳ್ಳಾರಿ ಆವೃತ್ತಿಯಲ್ಲಿ ಬಂದ ಸುದ್ದಿ ಕಂಪನಿಯ ಮುಖ್ಯ ಕಚೇರಿಯವರ ಕಣ್ಣಿಗೆ ತಾನಾಗಿ ಬೀಳಲ್ಲ, ನೀವೇ ಮುಟ್ಟಿಸಬೇಕು. ಇಂಗ್ಲಿಷ್ ಅನುವಾದದ ಜೊತೆ ಕಂಪನಿ ಸೆಕ್ರೆಟರಿಗೂ ಹೂಡಿಕೆದಾರರ ವಿಭಾಗಕ್ಕೂ ಕಳಿಸಿ. ಷೇರುಪೇಟೆಯ ಮೊದಲ 1000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಅನ್ನೋ ಹೊಣೆಗಾರಿಕೆ ವರದಿ ಕೊಡಲೇಬೇಕು ಅಂತ ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮ ಇದೆ. ನಿಮ್ಮ ಕಂಪನಿ ಆ ಪಟ್ಟಿಯಲ್ಲಿದ್ದರೆ ವರದಿ ತೆಗೆದು ನೋಡಿ. ವೆಬ್‌ಸೈಟಿನಲ್ಲಿ ಹಾಕಿದ ಮಾತಿನ ಸುಳಿವೇ ಅದರಲ್ಲಿ ಇಲ್ಲದಿದ್ದರೆ ವರದಿಗಾರರಿಗೆ ಇನ್ನೊಂದು ಪ್ರಶ್ನೆ ಸಿಕ್ಕಿತು.

ಭಾಷೆ ಹಿಡಿತದಲ್ಲಿರಲಿ. "ಮೋಸ ಮಾಡಿದರು" ಅಂತ ಬರೆಯುವುದಕ್ಕಿಂತ "ಇಂಥ ದಿನ ಹೀಗೆ ಹೇಳಿದ್ದರು, ಇವತ್ತಿಗೂ ಲೆಕ್ಕ ಕೊಟ್ಟಿಲ್ಲ" ಅಂದರೆ ಮಾನನಷ್ಟದ ನೋಟಿಸಿಗೆ ಎಡೆ ಕಡಿಮೆ. ಆಗದ ಕೆಲಸ ಅಂತ ಅವರು ಅಂದರೆ ಉತ್ತರ ಇದೆ: ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸ್ 2015ರಲ್ಲಿ ಕೇಜ್ ಮೊಟ್ಟೆ ಬಿಡಲು 10 ವರ್ಷದ ಗಡುವು ಹಾಕಿಕೊಂಡು, ಅಲ್ಲಿನ ಮಟ್ಟಿಗೆ 2023ರ ಕೊನೆಗೇ ಗುರಿ ಮುಟ್ಟಿತು. ನಮ್ಮಲ್ಲೂ ಕಾನೂನು ಆಯೋಗ 2017ರ 269ನೇ ವರದಿಯಲ್ಲಿ ಮೊಟ್ಟೆ ಕೋಳಿಗಳ ವಸತಿ ಬಗ್ಗೆ ನಿಯಮ ಬೇಕು ಅಂತ ಹೇಳಿತ್ತು.

ಸಿಂಧನೂರಿನಿಂದ:
ಒಂದು ಸುದ್ದಿ ಬಂದ ಮೇಲೆ "ಪರಿಶೀಲಿಸುತ್ತೇವೆ" ಅಂತ ಪತ್ರ ಬರ್ತದ. ಅದಕ್ಕ ಸುಮ್ಮನಾಗಬ್ಯಾಡ್ರಿ ಅಕ್ಕಾ. ಆ ಪತ್ರಾನೂ ಅದೇ ವರದಿಗಾರರಿಗೆ ಕೊಡ್ರಿ, ಕಂಪನಿ ವಾರ್ಷಿಕ ಸಭೆ ಹತ್ರ ಬಂದಾಗ ಇನ್ನೊಮ್ಮೆ ಕೇಳಸ್ರಿ. ಕಂಪನಿ ಅರ್ಧ ಕೆಲಸ ಮಾಡಿದ್ರ ಅದನ್ನೂ ಬರೆಸ್ರಿ. ಮುಂದಿನ ಸಲ ಫೋನ್ ಎತ್ತತಾರ.